ಕ, ಖ, ಗ, ಘ ಮತ್ತು ಮೂರು ಪಾತ್ರೆಗಳು

ಸೆಪ್ಟೆಂಬರ್ 2, ಮಂಗಳವಾರ

ಇಂದು ಸೆಪ್ಟೆಂಬರ್ ಎರಡು. ಈ ದಿನಚರಿಯ ಉದ್ದೇಶ ಒಂದೇ: ನಾನು ವಾಸಿಸುತ್ತಿರುವ ಈ ಕಟ್ಟಡ ಒಬ್ಬಂಟಿ ವಿದ್ಯಾರ್ಥಿನಿಗೆ ಸುರಕ್ಷಿತವಲ್ಲ ಎಂಬುದನ್ನು ಸಾಕ್ಷ್ಯಾಧಾರಗಳೊಂದಿಗೆ ಸ್ಥಾಪಿಸಿ, ಆ ಬಲದ ಮೇಲೆ ವಿದ್ಯಾರ್ಥಿನಿಲಯದಲ್ಲಿ ಖಾಲಿ ಉಳಿದಿರುವ ಏಕೈಕ ಕೊಠಡಿಯನ್ನು ಪಡೆಯುವುದು. ಭಾವನೆಗಳಿಗೆ ಇಲ್ಲಿ ಸ್ಥಳವಿಲ್ಲ.

ಹಿನ್ನೆಲೆಯನ್ನು ದಾಖಲಿಸುತ್ತೇನೆ. ಅಕ್ಕ ದಾದಿ. ಆರು ವಾರಗಳ ಹಿಂದೆ ಅವಳಿಗೆ ಬೇರೆ ಊರಿನ ಆಸ್ಪತ್ರೆಗೆ ವರ್ಗವಾಯಿತು. ಎರಡನೆಯ ಮಹಡಿಯ ಈ ಎರಡು ಕೋಣೆಗಳಲ್ಲಿ ಈಗ ನಾನೊಬ್ಬಳೇ. ಹತ್ತು ದಿನಗಳ ಹಿಂದೆ ಹಿಂದಿನ ಬೀದಿಯ ಕಟ್ಟಡವೊಂದರಲ್ಲಿ ಹಾಡಹಗಲೇ ಕಳ್ಳತನವಾಯಿತು. ಕಳ್ಳರು ಬಟ್ಟೆಬೀರುವನ್ನೇ ಹೊತ್ತು ಮೆಟ್ಟಿಲಿಳಿದರು. ಎದುರುಮನೆಯವರು, ಯಾರೋ ಮನೆ ಖಾಲಿ ಮಾಡುತ್ತಿದ್ದಾರೆಂದು ಭಾವಿಸಿ, ಬೀರುವಿನ ಒಂದು ತುದಿಗೆ ಕೈ ಕೊಟ್ಟರಂತೆ. ಅವರನ್ನು ದೂರುವಂತೆಯೂ ಇಲ್ಲ. ಆ ಮನೆಯ ನಿಜವಾದ ಒಡೆಯನ ಮುಖವನ್ನು ಅವರು ಅದುವರೆಗೆ ನೋಡಿಯೇ ಇರಲಿಲ್ಲ.

ಅಂದಿನಿಂದ ನಾನು ಸಂಜೆ ಬಾಗಿಲು ಹಾಕಿದೊಡನೆ ಅದಕ್ಕೊಂದು ಕುರ್ಚಿ ಒರಗಿಸಿ, ಅದರ ಮೇಲೆ ಮೂರು ಸ್ಟೀಲ್ ಪಾತ್ರೆಗಳನ್ನು ಪೇರಿಸುತ್ತೇನೆ: ಅಡಿಯಲ್ಲಿ ದೊಡ್ಡದು, ಅದರ ಮೇಲೆ ನಡುವಿನದು, ತುದಿಯಲ್ಲಿ ಚಿಕ್ಕದು. ಬಾಗಿಲು ಅಲುಗಿದರೆ ಗೋಪುರ ಉರುಳುತ್ತದೆ. ಇದನ್ನು ಭಯವೆನ್ನಲಾಗದು. ಇದೊಂದು ವಿಧಾನ.

ಬೆಳಿಗ್ಗೆ ನಿಲಯದ ವಾರ್ಡನ್ ಅವರನ್ನು ಕಂಡೆ.

"ಕೊಠಡಿ ಒಂದು, ಕೇಳೋರು ಹನ್ನೊಂದು ಜನ," ಎಂದರು. "ಈಗಿರೋ ಮನೆ ಸುರಕ್ಷಿತ ಅಲ್ಲ ಅಂತ ಯಾರು ಸರಿಯಾಗಿ ತೋರಿಸ್ತಾರೋ ಅವರಿಗೆ ಕೊಡ್ತೀವಿ. ಹತ್ತನೇ ತಾರೀಕಿನೊಳಗೆ ಅರ್ಜಿ ಹಾಕಿ. ಆಮೇಲೆ ನಮ್ಮ ಕಡೆಯಿಂದ ಒಬ್ಬರು ಬಂದು ನೋಡ್ತಾರೆ."

ಸಂಖ್ಯಾಶಾಸ್ತ್ರದಲ್ಲಿ ಸತತ ಮೂರು ವರ್ಷ ನಾನೇ ತರಗತಿಗೆ ಮೊದಲಿಗಳು ಎಂಬುದನ್ನು ವಿನಯದಿಂದಲೇ ತಿಳಿಸಿದೆ.

"ಕಳ್ಳ ಅಂಕಪಟ್ಟಿ ನೋಡ್ಕೊಂಡು ಬರಲ್ಲಮ್ಮ," ಎಂದರು.

ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಬರೆದು ಮಾತ್ರ ಇಟ್ಟುಕೊಂಡಿದ್ದೇನೆ.

ಸೆಪ್ಟೆಂಬರ್ 4, ಗುರುವಾರ

ಕಟ್ಟಡದಲ್ಲಿ ನನ್ನದನ್ನು ಬಿಟ್ಟು ನಾಲ್ಕು ಮನೆಗಳು. ನಿಷ್ಪಕ್ಷಪಾತಕ್ಕಾಗಿ ನಿವಾಸಿಗಳಿಗೆ ಅಕ್ಷರಸಂಕೇತಗಳನ್ನು ನೀಡಿದ್ದೇನೆ. ವರ್ಷದಿಂದ ಇಲ್ಲಿದ್ದರೂ ಇವರಲ್ಲಿ ಯಾರೊಡನೆಯೂ ನಾನು ಮಾತನಾಡಿಲ್ಲ. ಅಕ್ಕ ಮಾತನಾಡುತ್ತಿದ್ದಳು, ನಾನು ಓದುತ್ತಿದ್ದೆ.

ಕ: ನೆಲಮಹಡಿ. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು. ಬಾಗಿಲು ಸದಾ ಹಾರುಹೊಡೆದಿರುತ್ತದೆ. ದಿನವಿಡೀ ಅಪರಿಚಿತರು ಗಂಟು ಹಿಡಿದು ಒಳಹೋಗುತ್ತಾರೆ, ಬರಿಗೈಲಿ ಹೊರಬರುತ್ತಾರೆ.

ಖ: ಮೊದಲನೆಯ ಮಹಡಿ. ನಿವೃತ್ತ ರೈಲು ಚಾಲಕ. ಬೆಳಿಗ್ಗೆ ಏಳೂ ಹತ್ತಕ್ಕೆ ಮೆಟ್ಟಿಲ ತಿರುವಿನಲ್ಲಿ ನಿಂತು ಕೈಗಡಿಯಾರ ನೋಡಿಕೊಂಡು, ಯಾರಿಗೆಂದು ತಿಳಿಯದು, "ಲೇಟು" ಎನ್ನುತ್ತಾರೆ.

ಗ: ನನ್ನ ಎದುರುಮನೆ. ಸಂಜೆ ಹೊರಟು ಬೆಳಿಗ್ಗೆ ಮರಳುವ ಗಂಡಸು. ಮೊಣಕೈವರೆಗೆ ಬಿಳಿಯ ಪುಡಿ. ಬೇಕರಿಯಲ್ಲಿ ಕೆಲಸವೆಂದು ಅಕ್ಕ ಹಿಂದೊಮ್ಮೆ ಹೇಳಿದ್ದಳು, ಪರಿಶೀಲನೆಯಾಗಬೇಕು.

ಘ: ಮೇಲಿನ ಮನೆ. ಒಬ್ಬಳೇ ಅಜ್ಜಿ. ಪ್ರತಿದಿನ ಮೂರು ಗಂಟೆಗೆ ಏನೋ ಭಾರವಾದದ್ದು ನೆಲಕ್ಕೆ ಬೀಳುವ ಸದ್ದು. ಏಳು ಬಾರಿ. ಎಂಟಲ್ಲ, ಆರಲ್ಲ.

ಇವೆಲ್ಲವನ್ನೂ ಬಾಗಿಲ ಕಿಂಡಿಯಿಂದಲೂ ಕಿಟಕಿಯಿಂದಲೂ ಗಮನಿಸಿದ್ದು. ನನ್ನನ್ನು ಯಾರೂ ಗಮನಿಸಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಪಟ್ಟಿ ಸಿದ್ಧವಾಗಿದೆ. ಸಂಕೋಚವಿಲ್ಲದೆ ಹೇಳುವುದಾದರೆ, ಸುಂದರವಾಗಿದೆ. ಅಡ್ಡಸಾಲಿನಲ್ಲಿ ಮನೆಗಳು, ನೀಟಸಾಲಿನಲ್ಲಿ ವಾರಗಳು. ಯಾರ ಮನೆ ಯಾವ ಹೊತ್ತಿನಲ್ಲಿ ಖಾಲಿ, ಯಾರ ಬಾಗಿಲಿಗೆ ಬರೀ ಚಿಲಕ, ಯಾರ ಬೀಗದ ಕೈ ಹೂಕುಂಡದ ಕೆಳಗೆ (ಖ), ಯಾರಿಗೆ ಕಿವಿ ಮಂದ (ಘ), ಹಗಲಿನಲ್ಲಿ ಯಾರ ಬಾಗಿಲು ಬಡಿದರೂ ಎಚ್ಚರವಾಗುವುದಿಲ್ಲ (ಗ, ಎರಡು ಸಲ ಬಡಿದು, ಓಡಿಬಂದು, ಖಚಿತಪಡಿಸಿಕೊಂಡೆ). ಕೆಂಪು ಶಾಯಿಯಲ್ಲಿ ಅಪಾಯದ ಹೊತ್ತುಗಳು. ಇಂಥ ಕಟ್ಟಡದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಹೊತ್ತೊಯ್ಯಬಹುದು ಎಂಬುದು ಇದನ್ನು ನೋಡಿದ ಎಂಥವರಿಗೂ ಮನದಟ್ಟಾಗುತ್ತದೆ.

ಸೆಪ್ಟೆಂಬರ್ 10, ಬುಧವಾರ

ಅರ್ಜಿ ಸಲ್ಲಿಸಿದೆ. ಪಟ್ಟಿಯ ಜೆರಾಕ್ಸ್ ಪ್ರತಿಯನ್ನು ಲಗತ್ತಿಸಿದ್ದೇನೆ. ಮೂಲಪ್ರತಿ ಫೈಲಿನಲ್ಲಿ ಕಾಣುತ್ತಿಲ್ಲ. ನಾನು ವಸ್ತುಗಳನ್ನು ಕಳೆದುಕೊಳ್ಳುವವಳಲ್ಲ.

ಸೆಪ್ಟೆಂಬರ್ 11, ಗುರುವಾರ

ಕಳೆದುಕೊಂಡಿದ್ದೇನೆ.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಮತ್ತೆ ಬಡಿದರು, ಪಾತ್ರೆಗಳು ಉರುಳಿ ಮೂರೂ ಮೂರು ದಿಕ್ಕಿಗೆ ಓಡಿದವು. ಹೊರಗಿನಿಂದ ಹೆಣ್ಣುದನಿ: "ನಾನಮ್ಮಾ, ಕೆಳಗಿನ ದರ್ಜಿ. ಪಾತ್ರೆ ಎತ್ತಿಟ್ಟು ನಿಧಾನವಾಗಿ ಬಾ. ಬೇಗ ಬಾ!"

ನಿಧಾನವಾಗಿ ಬೇಗ ಹೋದೆ. ಕ ಮನೆಯಲ್ಲಿ ಎಲ್ಲರೂ ಸೇರಿದ್ದರು. ಕತ್ತರಿಸುವ ಮೇಜಿನ ಮೇಲೆ, ನಾಲ್ಕೂ ಮೂಲೆಗೆ ದಾರದುಂಡೆ ಇಟ್ಟು, ನನ್ನ ಪಟ್ಟಿಯನ್ನು ಹರಡಿದ್ದರು.

"ಮೆಟ್ಟಿಲ ಮೇಲೆ ಸಿಕ್ತು," ಎಂದರು ಖ. "ನಮ್ಮ ಕಟ್ಟಡಕ್ಕೆ ಕಳ್ಳ ಗುರಿ ಇಟ್ಟಿದಾನೆ. ಒಂದು ವಾರದಿಂದ ನೋಡಿ ನೋಡಿ ಬರ್ದಿದಾನೆ."

"ಎಷ್ಟು ಮುದ್ದಾದ ಅಕ್ಷರ ನೋಡಿ!" ಎಂದಳು ಕ. "ಗೆರೆ ನೋಡಿ, ಹೊಲಿಗೆ ಹಾಕಿದ ಹಾಗಿದೆ. ಓದಿದ ಕಳ್ಳಾನೇ ಇರಬೇಕು."

"ಎಂ.ಎ. ಆಗಿರಬಹುದು," ಎಂದ ಗ, ಆಕಳಿಸುತ್ತ.

ಎಂ.ಎಸ್ಸಿ. ಎಂದು ತಿದ್ದಲು ತುಟಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ.

"ಆದ್ರೆ ಅಷ್ಟೇನೂ ಬುದ್ಧಿವಂತನಲ್ಲ," ಎಂದಳು ಕ. "ಗುರುವಾರ ಹನ್ನೊಂದಕ್ಕೆ ನನ್ನ ಮನೆ ಖಾಲಿ ಅಂತ ಬರ್ದಿದಾನೆ. ನಾನು ಗುಂಡಿ, ದಾರ ತರೋಕೆ ಹೋಗೋದು ಶುಕ್ರವಾರ. ಹೋದ ವಾರ ಒಂದೇ ಸಲ ಗುರುವಾರ ಹೋಗಿದ್ದೆ. ಇಷ್ಟೂ ಗೊತ್ತಿಲ್ಲದ ಇವನೆಂಥಾ ಕಳ್ಳ?"

ಒಂದೇ ವಾರದ ಮಾದರಿಯಿಂದ ತೀರ್ಮಾನಕ್ಕೆ ಬರಬಾರದೆಂಬುದು ನಮಗೆ ಮೊದಲ ವರ್ಷದ ಪಾಠ.

ಅಷ್ಟರಲ್ಲಿ ಖ ಕನ್ನಡಕವನ್ನು ಹಣೆಗೇರಿಸಿ, "ಒಂದು ವಿಚಿತ್ರ," ಎಂದರು. "ಐದು ಮನೆ ಇವೆ. ಇದರಲ್ಲಿರೋದು ನಾಲ್ಕೇ. ಈ ಮಗು ಮನೆ ಇಲ್ಲ."

ಎಲ್ಲರೂ ನನ್ನತ್ತ ತಿರುಗಿದರು.

"ಅವರ ಮನೇಲಿ ಏನಿದೆ ಸಾರ್ ಕದಿಯೋಕೆ?" ಎಂದ ಗ. "ಬರೀ ಪುಸ್ತಕ."

ಎಲ್ಲರೂ ಒಪ್ಪಿದರು. ಬಚಾವಾದೆ. ಅವಮಾನವೂ ಆಯಿತು.

ಕಳ್ಳ ಬರುವುದು ಹಗಲಿನಲ್ಲೇ ಆದ್ದರಿಂದ ಹಗಲು ಪಾಳಿಯಲ್ಲಿ ಮೆಟ್ಟಿಲು ಕಾಯಬೇಕೆಂದು ನಿರ್ಧಾರವಾಯಿತು. ಯಾರು, ಯಾವಾಗ ಎಂಬ ಪಟ್ಟಿಯನ್ನು ಬರೆಯುವ ಹೊಣೆ, "ಓದಿದ ಹುಡುಗಿ" ಎಂಬ ಕಾರಣಕ್ಕೆ, ನನಗೆ ಬಿತ್ತು.

ಸೆಪ್ಟೆಂಬರ್ 12, ಶುಕ್ರವಾರ

ಗುರುತು ಸಿಗದಂತೆ ಪಾಳಿಪಟ್ಟಿಯನ್ನು ಎಡಗೈಯಲ್ಲಿ ಬರೆದುಕೊಟ್ಟೆ. ಬದುಕಿನಲ್ಲಿ ಮೊದಲ ಬಾರಿಗೆ ಕೆಟ್ಟದಾಗಿ ಬರೆದಿದ್ದೇನೆ.

ಖ ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಕಾಗೆ ಕಾಲು ಗುಬ್ಬಿ ಕಾಲು," ಎಂದರು. "ಫಸ್ಟ್ ಬರೋದು ನೀನೇನಾ?"

ಹಲ್ಲು ಕಚ್ಚಿಕೊಂಡು ಹೌದೆಂದೆ.

ಸೆಪ್ಟೆಂಬರ್ 15, ಸೋಮವಾರ

ನನ್ನನ್ನು ನಾನೇ ಹಿಡಿಯಲು ಇಂದು ಎರಡರಿಂದ ನಾಲ್ಕರವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದೆ. ಜೊತೆಗೆ ಖ. ಅವರು ಮಡಚುವ ಕುರ್ಚಿ ತಂದಿದ್ದರು, ನಾನು ಪಠ್ಯಪುಸ್ತಕ. ಪರಿಶೀಲಕರು ಬರುವವರೆಗೂ ದಾಖಲೆ ಮುಂದುವರಿಯಬೇಕಾದ್ದರಿಂದ ಇದೂ ಒಂದು ಅವಕಾಶವೇ.

"ಮಗು, ನೀನು ಮೆಟ್ಟಿಲು ಹತ್ತುವಾಗ ಮೂರನೇದನ್ನ ಬಿಟ್ಟು ಹತ್ತೀಯ," ಎಂದರು, ಇದ್ದಕ್ಕಿದ್ದಂತೆ. "ಕೈಲಿ ಭಾರ ಇದ್ರೆ ಬಿಡಲ್ಲ. ಪರೀಕ್ಷೆ ಇದ್ರೆ ಎರಡೆರಡು ಹಾರ್ತೀಯ."

"ನಿಮಗೆ ಹೇಗೆ ಗೊತ್ತು?"

"ನಲವತ್ತು ವರ್ಷ ಎಂಜಿನ್ ಓಡಿಸಿದೀನಿ. ಸದ್ದು ಬದಲಾದ್ರೆ ಎಲ್ಲೋ ಏನೋ ಕೆಟ್ಟಿದೆ ಅಂತ ಅರ್ಥ. ನಿಮ್ಮಕ್ಕ ಹೋದ ಮೇಲೆ ನಿನ್ನ ಕಾಲಿನ ಸದ್ದು ಬದಲಾಯ್ತು. ಆಮೇಲೆ ಆ ಪಾತ್ರೆಗಳು ಬೇರೆ. ರಾತ್ರಿ ಅವು ಬಿದ್ದಾಗೆಲ್ಲ ನಾವು ಮೂರು ಮನೆಯವರು ಎದ್ದು ಕೂತ್ಕೊಂಡು, ನೀನು ಎತ್ತಿಡೋ ಸದ್ದು ಕೇಳಿದ ಮೇಲೇನೇ ಮಲಗೋದು."

ಬೆಳಿಗ್ಗೆ ಅವರು "ಲೇಟು" ಎನ್ನುವುದು ಬೇಕರಿಯವನಿಗೆ. ಆತ ಆರೂ ನಲವತ್ತಕ್ಕೆ ಬರಬೇಕು. ಬಂದು ಮುಟ್ಟುವವರೆಗೆ ಇವರು ತಿರುವಿನಲ್ಲಿ ನಿಲ್ಲುತ್ತಾರೆ.

ಹೀಗೆ ನನ್ನ ಚಲನವಲನಗಳೆಲ್ಲ ಇವರಿಗೆ ತಿಳಿದಿವೆ. ಒಂದು ಸಾಲಿನ ದಾಖಲೆಯೂ ಇಲ್ಲದೆ! ವಿಧಾನವಾಗಿ ಇದು ಅತ್ಯಂತ ಅಶಿಸ್ತಿನದು. ಫಲಿತಾಂಶದಲ್ಲಿ ಮಾತ್ರ ತಪ್ಪಿಲ್ಲ.

ಸೆಪ್ಟೆಂಬರ್ 18, ಗುರುವಾರ

ಏಳು ಬಾರಿಯ ಸದ್ದಿನ ರಹಸ್ಯ ಬಯಲಾಗಿದೆ. ಮೇಲಿನಜ್ಜಿ ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿದ್ದವರು. ದಿನಕ್ಕೆ ಏಳು ಸಲ ಕಬ್ಬಿಣದ ಡಂಬೆಲ್ ಎತ್ತುತ್ತಾರೆ. ಎತ್ತುವುದಕ್ಕಾಗುತ್ತದೆ, ಮೆಲ್ಲಗೆ ಇಳಿಸುವುದಕ್ಕಾಗುವುದಿಲ್ಲ.

"ನೀನೂ ಎತ್ತು!" ಎಂದು ಕಿರುಚಿದರು. ಅವರು ಮಾತನಾಡುವುದೇ ಹಾಗೆ.

ಎರಡೇ ಸಲ ಎತ್ತಿದೆ.

"ಫಸ್ಟ್ ಕ್ಲಾಸಂತೆ, ಇಷ್ಟೇನಾ?"

ಪಾಳಿಯಲ್ಲಿ ಕುಳಿತು ಕಾಲು ಊದಿದೆಯಂತೆ. ಬಿಸಿನೀರಿನಲ್ಲಿ ನೆನೆಸಲು ದೊಡ್ಡ ಪಾತ್ರೆ ಬೇಕೆಂದರು. ಕೊಟ್ಟೆ. ಹಿಂದಿರುಗಿಸುವ ದಿನವನ್ನು ಅವರು ಹೇಳಲಿಲ್ಲ, ಇದು ಸರಿಯಲ್ಲ.

ಸೆಪ್ಟೆಂಬರ್ 20, ಶನಿವಾರ

ಬೇಕರಿಯಣ್ಣ ಬೆಳಿಗ್ಗೆ ಬಾಗಿಲ ಬಳಿ ಬಿಸಿ ಬನ್ನುಗಳನ್ನು ಹಿಡಿದು ನಿಂತಿದ್ದರು. "ಮೇಡಂ, ಒಂದು ಪಾತ್ರೆ ಕೊಡಿ, ಕೈ ಸುಡ್ತಿದೆ." ನಡುವಿನದನ್ನು ಕೊಟ್ಟೆ. ರೈಲು ತಾತನಿಗೆ ಎರಡು, ದರ್ಜಿಯಕ್ಕನಿಗೆ ಎರಡು, ಅಜ್ಜಿಗೆ ಮೆತ್ತಗಿನದೊಂದು ಎಂದು ಎಣಿಸುತ್ತ ಪಾತ್ರೆಯ ಸಮೇತ ಕೆಳಗಿಳಿದರು. ಪಾತ್ರೆ ಮರಳಿಲ್ಲ.

ಚಿಕ್ಕದು ದರ್ಜಿಯಕ್ಕನ ಬಳಿ ಗುಂಡಿ ಹಾಕಿಡಲು ಹೋಗಿದೆ. ನನ್ನ ಅಂಗಿಯ ಹರಿದ ತೋಳನ್ನು ಕೇಳದೆಯೇ ಹಿಡಿದು, ಕೇಳದೆಯೇ ಹೊಲಿದುಕೊಟ್ಟರು. "ಎಷ್ಟು ಓದಿದ್ರೇನಮ್ಮ, ಮೊಣಕೈ ಆಚೆ ಕಾಣ್ಬಾರ್ದು."

ಈ ಕಟ್ಟಡದ ಜನರಿಗೆ ಪರರ ವಸ್ತುವಿನ ಬಗ್ಗೆ ಪರಿಜ್ಞಾನವಿಲ್ಲವೆಂಬುದನ್ನು ಪರಿಶೀಲಕರ ಗಮನಕ್ಕೆ ತರಬೇಕು. ಮರೆಯದಿದ್ದರೆ.

ಸೆಪ್ಟೆಂಬರ್ 23, ಮಂಗಳವಾರ

ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ನಾಲ್ಕಕ್ಕೆ ತರಗತಿ ಮುಗಿಸಿ ಬಂದಾಗ ದರ್ಜಿಯಕ್ಕನ ಬಾಗಿಲು ಮುಚ್ಚಿತ್ತು. ಆ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿದ್ದೇ ಇಲ್ಲ. ತಳ್ಳಿದೆ. ಒಳಗೆ ಕುರ್ಚಿಯಲ್ಲಿ ಸಣಕಲು ಮನುಷ್ಯರೊಬ್ಬರು. ಅವರನ್ನು ಅಳತೆಯ ಟೇಪಿನಿಂದ ಮೂರು ಸುತ್ತು ಕುರ್ಚಿಗೆ ಬಿಗಿಯಲಾಗಿತ್ತು. ಪಕ್ಕದಲ್ಲಿ ಡಂಬೆಲ್ ಹಿಡಿದ ಅಜ್ಜಿ. ಬೇಕರಿಯಣ್ಣ ಬಾಗಿಲಿಗೊರಗಿ, ನಿಂತಲ್ಲೇ ತೂಕಡಿಸುತ್ತ ಕಾವಲು ಕಾಯುತ್ತಿದ್ದರು.

"ಬಾ ಬಾ, ಸಿಕ್ಕಿಬಿದ್ದ!" ಎಂದರು ದರ್ಜಿಯಕ್ಕ. "ಪೆನ್ನು ಕಾಗದ ಹಿಡ್ಕೊಂಡು ಒಂದೊಂದೇ ಬಾಗಿಲು ನೋಡಿ ಬರ್ಕೋತಿದ್ದ. ಮೇಲಿನ ಹುಡುಗಿ ಎಷ್ಟೊತ್ತಿಗೆ ಮನೆಗೆ ಬರ್ತಾಳೆ, ಜೊತೇಲಿ ಯಾರಿರ್ತಾರೆ ಅಂತ ನನ್ನನ್ನೇ ಕೇಳ್ತಾನೆ, ಏನು ಧೈರ್ಯ!"

"ನಾಲ್ಕು ಮನೆ ಮುಗಿಸಿದ್ದ," ಎಂದರು ತಾತ, ತೀರ್ಪು ಕೊಡುವವರಂತೆ. "ಐದನೇದು ಬಾಕಿ ಇತ್ತು. ಪಟ್ಟಿ ಪೂರ್ತಿ ಮಾಡೋಕೆ ಬಂದಿದಾನೆ."

"ಸ್ವಾಮಿ, ನಾನು ವಿದ್ಯಾರ್ಥಿನಿಲಯದಿಂದ ಬಂದಿದೀನಿ!"

"ಎಲ್ಲಿಂದಾದ್ರೂ ಬಂದಿರ್ಲೇಬೇಕಲ್ಲಯ್ಯ."

ನಾನು ಬಾಯಿ ತೆರೆಯುವಷ್ಟರಲ್ಲಿ, "ನನ್ನ ಚೀಲ ನೋಡಿ, ಅರ್ಜಿ ಇದೆ," ಎಂದರು ಆತ. ತಾತ ಚೀಲದಿಂದ ಫೈಲನ್ನು ತೆಗೆದರು. ಮೊದಲು ಹೊರಬಂದದ್ದು ಪಟ್ಟಿಯ ಜೆರಾಕ್ಸ್ ಪ್ರತಿ.

"ನೋಡಿದ್ರಾ!" ಎಂದು ದರ್ಜಿಯಕ್ಕ ಚಪ್ಪಾಳೆ ತಟ್ಟಿದರು. "ಇನ್ನೊಂದು ಪ್ರತಿ ಇವನ ಹತ್ರಾನೇ ಇತ್ತು!"

ತಾತ ಕನ್ನಡಕ ಇಳಿಸಿ, ಅರ್ಜಿಯನ್ನು ಗಟ್ಟಿಯಾಗಿ ಓದತೊಡಗಿದರು. "ಕ: ಬಂದವರನ್ನೆಲ್ಲ ವಿವೇಚನೆಯಿಲ್ಲದೆ ಒಳಗೆ ಬಿಡುವ ಸ್ವಭಾವದವಳು. ಖ: ಉದ್ದೇಶರಹಿತವಾಗಿ ಮೆಟ್ಟಿಲ ಮೇಲೆ ಸುಳಿದಾಡುವ ವೃದ್ಧ. ಗ: ನಡತೆ ಸಂಶಯಾಸ್ಪದ..."

"ಗ ಅಂದ್ರೆ ನಾನಾ?" ಎಂದು ಬೇಕರಿಯಣ್ಣ ಪೂರ್ತಿ ಎಚ್ಚರಗೊಂಡರು.

ತಾತ ಪುಟ ತಿರುವಿದರು. ಕೊನೆಯಲ್ಲಿ ಸಹಿಯಿತ್ತು. ದುಂಡಗೆ, ಸ್ಪಷ್ಟವಾಗಿ, ಎರಡು ಗೆರೆ ಎಳೆದು. ಅದನ್ನು ಅವರು ಓದಲಿಲ್ಲ. ಕಾಗದದ ಮೇಲಿನಿಂದ ನನ್ನನ್ನು ನೋಡಿದರು.

"ನನ್ನ ಬಗ್ಗೆ ಏನು ಬರ್ದಿದೆ?" ಎಂದು ಅಜ್ಜಿ ಕಿರುಚಿದರು. "ಜೋರಾಗಿ ಓದಿ!"

"ಏನಿಲ್ಲ ಬಿಡಿ," ಎಂದರು ತಾತ, ಜೋರಾಗಿ.

"ಬರೆದದ್ದು ನಾನು," ಎಂದೆ. ನನ್ನ ದನಿ ನನಗೇ ಚಿಕ್ಕದಾಗಿ ಕೇಳಿಸಿತು. ಅಳತೆಯ ಟೇಪನ್ನು ಬಿಚ್ಚಿದವಳೂ ನಾನೇ. ಸುರುಳಿ ಸುತ್ತಿ ಮೇಜಿನ ಮೇಲಿಟ್ಟೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಸೆಪ್ಟೆಂಬರ್ 24, ಬುಧವಾರ

ಕಟ್ಟಡ ನಿಶ್ಶಬ್ದವಾಗಿದೆ. ಮೂರು ಗಂಟೆಗೆ ಸದ್ದಾಗಲಿಲ್ಲ. ತಿರುವಿನಲ್ಲಿ ಯಾರೂ ಇರಲಿಲ್ಲ.

ಸಂಜೆ ಬೀಗವನ್ನು ಎರಡು ಸಲ ನೋಡಿ, ಕುರ್ಚಿ ಎಳೆದು, ಪಾತ್ರೆಗಳಿಗೆ ಕೈ ಚಾಚಿದೆ. ಒಂದೂ ಇರಲಿಲ್ಲ. ಎಷ್ಟು ದಿನಗಳಿಂದ ಬಾಗಿಲಿಗೆ ಕುರ್ಚಿ ಒರಗಿಸಿಲ್ಲವೆಂಬುದು ಈ ದಿನಚರಿಯಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಇದೊಂದು ಲೋಪ.

ಸೆಪ್ಟೆಂಬರ್ 26, ಶುಕ್ರವಾರ

ಪತ್ರ ಬಂದಿದೆ. "ನಮ್ಮ ಪರಿಶೀಲಕರನ್ನು ಹಾಡಹಗಲೇ ನಲವತ್ತು ನಿಮಿಷ ಕುರ್ಚಿಗೆ ಬಿಗಿದಿರಿಸಿದ ಕಟ್ಟಡದಲ್ಲಿ ವಿದ್ಯಾರ್ಥಿನಿಯೊಬ್ಬಳು ಇನ್ನೊಂದು ವಾರವೂ ಇರತಕ್ಕದ್ದಲ್ಲ. ಕೊಠಡಿಯನ್ನು ತಮಗೆ ಮಂಜೂರು ಮಾಡಲಾಗಿದೆ. ಸೋಮವಾರ ಹತ್ತು ಗಂಟೆಗೆ ಬಂದು ಒಪ್ಪಿಗೆ ತಿಳಿಸುವುದು."

ಹನ್ನೊಂದು ಮಂದಿಯಲ್ಲಿ ನಾನೇ ಮೊದಲಿಗಳು. ಉದ್ದೇಶ ಈಡೇರಿದೆ. ದಿನಚರಿಯನ್ನು ಇಲ್ಲಿಗೇ ಮುಗಿಸಬಹುದು.

ಸೆಪ್ಟೆಂಬರ್ 27, ಶನಿವಾರ

ಮುಗಿಸಿಲ್ಲ, ಏಕೆಂದರೆ ಪಾತ್ರೆಗಳನ್ನು ಹಿಂಪಡೆಯಬೇಕಿತ್ತು. ಮನೆ ಖಾಲಿ ಮಾಡುವವರು ಪಾತ್ರೆಗಳನ್ನು ಬಿಟ್ಟುಹೋಗುವುದಿಲ್ಲ.

ಮೊದಲು ಮೇಲಕ್ಕೆ ಹೋದೆ. ಅಜ್ಜಿ ದೊಡ್ಡ ಪಾತ್ರೆಯಲ್ಲಿ ಕಾಲಿಟ್ಟು ಕುಳಿತಿದ್ದರು. "ತಗೊಂಡು ಹೋಗು! ಕಾಲು ಮಾತ್ರ ಬಿಟ್ಟು ಹೋಗು!" ಎಂದರು. ಆಮೇಲೆ ತಮ್ಮ ಮಟ್ಟಿಗೆ ಪಿಸುಮಾತಿನಲ್ಲಿ: "ನಂಗೆ ಕಿವಿ ಮಂದ ಅಂತ ಬರ್ದಿದೀಯಂತೆ. ಎಡಗಿವಿ ಅಂತ ಬರಿ. ಬಲಗಿವಿ ಚೆನ್ನಾಗಿದೆ!"

ಬೇಕರಿಯಣ್ಣ ನಿದ್ದೆಗಣ್ಣಲ್ಲಿ ಬಾಗಿಲು ತೆರೆದರು. ನಾನು ಒಂದೇ ಸಲ ಬಡಿದಿದ್ದೆ. "ಬಾಗಿಲು ಬಡಿದ್ರೂ ಏಳಲ್ಲ ಅಂತ ಹಾಕಿದೀರಲ್ಲ ಮೇಡಂ, ಅದು ತಪ್ಪು. ಎರಡು ಸಲಾನೂ ಎದ್ದು ಬಂದೆ. ನೀವೇ ಓಡಿಹೋಗಿ ನಿಮ್ಮ ಬಾಗಿಲು ಹಾಕ್ಕೊಂಡ್ರಿ. ಪಾಪ, ಏನೋ ಕೇಳೋಕೆ ನಾಚಿಕೆ ಅಂದ್ಕೊಂಡೆ." ನಡುವಿನ ಪಾತ್ರೆಯಲ್ಲಿ ನಾಳೆಯ ಹಿಟ್ಟು ಉಬ್ಬುತ್ತಿತ್ತು. ಉಬ್ಬುತ್ತಿರುವ ಹಿಟ್ಟನ್ನು ಅಲುಗಿಸಬಾರದಂತೆ.

ಕೆಳಗೆ ದರ್ಜಿಯಕ್ಕನೂ ತಾತನೂ ಇದ್ದರು. ಪಟ್ಟಿ ಇನ್ನೂ ಮೇಜಿನ ಮೇಲೆಯೇ ಇತ್ತು.

"ನಂಗೆ ಮೊದಲ ದಿನವೇ ಗೊತ್ತಿತ್ತು," ಎಂದರು ತಾತ.

"ಸುಮ್ನೆ ಕೂತ್ಕೊಳ್ಳಿ, ನಿಮಗೇನೂ ಗೊತ್ತಿರಲಿಲ್ಲ," ಎಂದರು ದರ್ಜಿಯಕ್ಕ. ಹೊಲಿಗೆಯಿಂದ ತಲೆಯೆತ್ತಲಿಲ್ಲ. "ಪಾತ್ರೆ ಬೇಕೇನು? ಕೊಡ್ತೀನಿ. ಮೊದಲು ಗುರುವಾರ ಹೊಡೆದುಹಾಕಿ ಶುಕ್ರವಾರ ಅಂತ ಬರಿ."

ಬರೆದೆ. ಬಲಗೈಯಲ್ಲಿ.

"ಏಳೂ ಹತ್ತಲ್ಲ, ಏಳೂ ಎಂಟು," ಎಂದರು ತಾತ. ಅದನ್ನೂ ತಿದ್ದಿದೆ. ಎಡಗಿವಿಯನ್ನು ಸೇರಿಸಿದೆ. ಬೇಕರಿಯಣ್ಣನ ನಿದ್ರೆಯನ್ನು ತಿದ್ದಿದೆ. ನಾಲ್ಕು ಸಾಲಿಗೆ ನಾಲ್ಕು ತಪ್ಪುಗಳು. ಯಾರಾದರೂ ಹೀಗೆ ಬರೆದು ತಂದಿದ್ದರೆ ನಾನೇ ನಕ್ಕುಬಿಡುತ್ತಿದ್ದೆ.

"ಹೊಟ್ಟೆ ಉರಿದದ್ದು ನೀನು ಬರೆದಿದ್ದಕ್ಕಲ್ಲ," ಎಂದರು ದರ್ಜಿಯಕ್ಕ, ದಾರವನ್ನು ಹಲ್ಲಿನಲ್ಲಿ ಕಡಿದು. "ಕಿಂಡೀಲಿ ನೋಡಿ ಬರೆದ್ಯಲ್ಲ, ಅದಕ್ಕೆ. ಬಂದು ಕೇಳಿದ್ರೆ ನಾವೇ ಹೇಳ್ತಿರಲಿಲ್ವಾ?"

ಈ ಪ್ರಶ್ನೆಯನ್ನು ಪಟ್ಟಿಯ ಅಂಚಿನಲ್ಲಿ ಬರೆದುಕೊಂಡೆ.

"ಐದನೇ ಸಾಲು ಯಾರು ಬರೀತಾರೆ?" ಎಂದರು ತಾತ. "ಘ ಆದ್ಮೇಲೆ ಯಾವ್ದು, ಙ ಅಲ್ವಾ?"

"ಸರಿಯಾಗಿದೆ ಬಿಡಿ," ಎಂದರು ದರ್ಜಿಯಕ್ಕ. "ಸಾಲಲ್ಲಿ ಇರುತ್ತೆ, ಯಾರ ಮಾತಿಗೂ ಬರಲ್ಲ."

ತಾತ ನಕ್ಕ ನಗೆಗೆ ಮೇಲಿನಿಂದ ಅಜ್ಜಿ, "ಏನದು?" ಎಂದು ಕೂಗಿದರು. ನಾನು ಗಂಭೀರವಾಗಿಯೇ ಐದನೆಯ ಸಾಲನ್ನೆಳೆದೆ. ಙ: ತರಗತಿಯಿರುವ ದಿನ ಒಂಬತ್ತರಿಂದ ನಾಲ್ಕು, ಮನೆ ಖಾಲಿ. ಮೂರನೆಯ ಮೆಟ್ಟಿಲನ್ನು ಬಿಟ್ಟು ಹತ್ತುತ್ತಾಳೆ. ಬೀಗದ ಕೈ ಎರಡು: ಒಂದು ಅವಳಲ್ಲಿ, ಇನ್ನೊಂದು ದರ್ಜಿಯಕ್ಕನ ಬಳಿ, ಗುಂಡಿಗಳ ಪಾತ್ರೆಯಲ್ಲಿ.

ಪಾತ್ರೆಗಳಲ್ಲಿ ಒಂದನ್ನೂ ತರಲಾಗಲಿಲ್ಲ. ಮೂರೂ ಬಳಕೆಯಲ್ಲಿವೆ.

ಸೆಪ್ಟೆಂಬರ್ 29, ಸೋಮವಾರ

ಹತ್ತಕ್ಕೆ ಐದು ನಿಮಿಷವಿರುವಾಗಲೇ ವಾರ್ಡನ್ ಅವರ ಕೋಣೆಯಲ್ಲಿದ್ದೆ. ಒಪ್ಪಿಗೆಯ ಕಾಗದವನ್ನು ನನ್ನ ಮುಂದೆ ಸರಿಸಿ, ಪೆನ್ನಿನ ಮುಚ್ಚಳವನ್ನು ಅವರೇ ತೆಗೆದುಕೊಟ್ಟರು. "ಇಲ್ಲಿ ಸಹಿ ಹಾಕಮ್ಮ. ಪುಣ್ಯ, ಆ ಜನರ ನಡುವಿಂದ ಪಾರಾದೆ."

ಮುಚ್ಚಳವನ್ನು ಪೆನ್ನಿಗೆ ಮರಳಿ ಹಾಕಿ, ಕಾಗದದ ಮೇಲೆ ನೇರವಾಗಿ ಇಟ್ಟೆ.

"ನನಗೆ ಕೊಠಡಿ ಬೇಡ," ಎಂದೆ.